ನಡವಳಿ ಪುಸ್ತಕ ಒಂದ್ಸಲ ಓದ್ರಿ

ನನ್ನ ಜೆರಾಕ್ಸ್ ಅಂಗಡಿ ಪಂಚಾಯ್ತಿ ಆಫೀಸಿನ ಎದುರಿಗೇ ಇದೆ. ಮಧ್ಯದಲ್ಲಿ ರಸ್ತೆ, ರಸ್ತೆ ಆಚೆ ಒಂದು ಹೊಂಗೆ ಮರ, ಅದರ ಹಿಂದೆ ಪಂಚಾಯ್ತಿ. ಚಳ್ಳಕೆರೆ ತಾಲ್ಲೂಕಿನ ಊರು ನಮ್ಮದು. ಪಹಣಿ, ಆಧಾರ್, ಜಾತಿ-ಆದಾಯದ ಅರ್ಜಿ, ಶೇಂಗಾ ಬಿತ್ತುವ ಕಾಲ ಬಂದರೆ ಬೆಳೆ ವಿಮೆ ಕಾಗದ, ಎಲ್ಲಾ ನನ್ನ ಮಷಿನ್ ಮೇಲೇ ಹಾದು ಹೋಗಬೇಕು. ಇವುಗಳ ಮಧ್ಯೆ ಆಗಾಗ ಪಂಚಾಯ್ತಿ ಬಿಲ್ ಕಲೆಕ್ಟರ್ ಹುಡುಗ ಒಂದು ಹಾಳೆ ಹಿಡಿದುಕೊಂಡು ಬರುತ್ತಾನೆ. "ಅಕ್ಕಾ, ಹದಿನೆಂಟು ಕಾಪಿ." ಅದು ಸಾಮಾನ್ಯ ಸಭೆಯ ತಿಳುವಳಿಕೆ ಪತ್ರ. ನಮ್ಮ ಪಂಚಾಯ್ತಿಗೆ ಮೆಂಬರುಗಳು 18 ಜನ. ತಲೆಗೊಂದು ಕಾಪಿ.

ಆ ಹಾಳೆ ಯಾವಾಗಲೂ ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ಮೊದಲನೇದು, ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ನಡವಳಿ ಅಂದರೆ ಸಭೆಯಲ್ಲಿ ಆದ ಮಾತು, ತೀರ್ಮಾನಗಳನ್ನು ಬರೆದಿಟ್ಟ ದಾಖಲೆ. ಎರಡನೇದು, ಜಮಾ ಖರ್ಚು. ಆಮೇಲೆ ಬಂದ ಅರ್ಜಿಗಳು, ಮೇಲಿನಿಂದ ಬಂದ ಸುತ್ತೋಲೆಗಳು, ಕುಡಿಯುವ ನೀರು, ಬೀದಿ ದೀಪ. ಕೊನೆಗೆ, ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು. ಎಷ್ಟೋ ವರ್ಷದಿಂದ ಈ ಹಾಳೆಯ ನಕಲು ತೆಗೆದುಕೊಟ್ಟಿದ್ದೇನೆ. ಮೊದಲನೇ ಸಾಲಿನಲ್ಲಿ "ಓದಿ" ಅನ್ನುವ ಒಂದು ಪದ ಇದೆ ಅಂತ ನನಗೆ ಕಂಡಿದ್ದು ಮೂರು ವರ್ಷದ ಹಿಂದೆ. ಅದೂ ನಮ್ಮ ಬೀದಿಗೆ ಬರಬೇಕಾಗಿದ್ದ ನೀರಿನ ಟ್ಯಾಂಕ್ ಕಾಗದದಲ್ಲೇ ಕಾಣೆಯಾದ ಮೇಲೆ.

ನಮ್ಮ ಬೀದಿ ಊರಿನ ತುದಿಯಲ್ಲಿದೆ, ಮಾರಮ್ಮನ ಗುಡಿ ಹಿಂದೆ. ಪೈಪ್‌ಲೈನೂ ಅಲ್ಲಿಗೇ ಮುಗಿಯುತ್ತದೆ. ನೀರುಗಂಟಿ ವಾಲ್ವ್ ತಿರುಗಿಸಿದರೆ ಮೊದಲು ಬಜಾರ್ ಬೀದಿಯವರು ತುಂಬಿಕೊಳ್ಳುತ್ತಾರೆ, ಆಮೇಲೆ ಶಾಲೆ ಕಡೆಯವರು. ನಮ್ಮ ಹತ್ತಿರ ಬರುವ ಹೊತ್ತಿಗೆ ನಲ್ಲಿ ಬುಸ್ ಅಂತ ಗಾಳಿ ಬಿಡುತ್ತದೆ. ಏಪ್ರಿಲ್, ಮೇ ಬಂದರೆ ಕೇಳಲೇಬೇಡಿ. ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡಿ ಪಕ್ಕ ಒಂದು ಮಿನಿ ಟ್ಯಾಂಕ್ ಇಟ್ಟರೆ ರಾತ್ರಿ ಹೊತ್ತು ತುಂಬಿಸಿಟ್ಟು ಬೆಳಿಗ್ಗೆ ಕೊಡ ಹಿಡಿದುಕೊಳ್ಳಬಹುದು. ಟ್ಯಾಂಕ್ ಬಂದರೆ ಚರಂಡಿಯೂ ಬೇಕು, ಇಲ್ಲದಿದ್ದರೆ ಗುಡಿ ಮುಂದೆ ಕೆಸರು, ಕೆಸರಿಗೆ ಸೊಳ್ಳೆ. ಇವೆರಡನ್ನೇ ಕೇಳೋಣ ಅಂತ ನಾವು ಹೆಂಗಸರು ಮಾತಾಡಿಕೊಂಡೆವು.

ವಾರ್ಡ್ ಸಭೆ ಅಂಗನವಾಡಿ ಮುಂದೆ ನಡೆಯಿತು. ಆರು ತಿಂಗಳಿಗೊಮ್ಮೆ ನಡೆಯಲೇಬೇಕು ಅಂತ ಕಾನೂನು ಇದೆ. ಇಪ್ಪತ್ತೈದು ಜನ ಸೇರಿದ್ದೆವು, ಅದರಲ್ಲಿ ಹೆಂಗಸರೇ ಜಾಸ್ತಿ. ಟ್ಯಾಂಕ್, ಚರಂಡಿ ಎರಡೂ ಹೇಳಿದೆವು. ನಮ್ಮ ವಾರ್ಡಿನ ಮೆಂಬರು "ಆಯ್ತು ಕಣ್ರವ್ವಾ, ಬರಕೊಂಡಿದೀವಿ" ಅಂದರು. ಅವರ ಪಕ್ಕ ಕೂತಿದ್ದ ಹುಡುಗ ಶಾಲೆ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದದ್ದನ್ನು ನಾನೇ ಕಣ್ಣಾರೆ ನೋಡಿದೆ.

ಎರಡು ತಿಂಗಳಾದ ಮೇಲೆ ಗ್ರಾಮ ಸಭೆ. ಸಮುದಾಯ ಭವನದ ಮುಂದೆ ಶಾಮಿಯಾನ ಹಾಕಿದ್ದರು. ಕೃಷಿ ಇಲಾಖೆಯವರು ಬಂದರು, ಪಶು ಆಸ್ಪತ್ರೆಯವರು ಬಂದರು, ಆರೋಗ್ಯ ಇಲಾಖೆಯವರು ಬಂದರು. ಒಬ್ಬೊಬ್ಬರೂ ತಮ್ಮ ತಮ್ಮ ಸ್ಕೀಮು ಹೇಳಿದರು. ಅದರಲ್ಲೇ ಒಂದೂವರೆ ಗಂಟೆ ಹೋಯಿತು. ಅದು ಬೇಕಾದದ್ದೇ, ಬೇಡ ಅನ್ನುವುದಿಲ್ಲ. ಆದರೆ ಊರಿನ ಕೆಲಸದ ಪಟ್ಟಿ ಓದುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮೈಕಿನಲ್ಲಿ ಗಡಗಡ ಅಂತ ಓದಿದರು. "ಎಲ್ಲರ ಒಪ್ಪಿಗೆ ಐತಾ?" ಅಂದರು. "ಹೂಂ" ಅಂತ ಮುಂದಿನ ಸಾಲಿನವರು ಅಂದರು. ಹಿಂದೆ ಕೂತವರಿಗೆ ಏನು ಓದಿದರು ಅಂತಲೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹಾಜರಿ ಪುಸ್ತಕ ಕೈಯಿಂದ ಕೈಗೆ ಬಂತು. ಸಹಿ ಹಾಕುವವರು ಸಹಿ, ಹೆಬ್ಬೆಟ್ಟು ಒತ್ತುವವರು ಹೆಬ್ಬೆಟ್ಟು. ನಾನೂ ಹಾಕಿದೆ. ಮನೆಗೆ ಬಂದು ಒಲೆ ಹಚ್ಚಿದೆ.

ಆ ವರ್ಷದ ಕ್ರಿಯಾ ಯೋಜನೆ, ಅಂದರೆ ಯಾವ ವಾರ್ಡಿಗೆ ಯಾವ ಕೆಲಸ ಅನ್ನುವ ಪಟ್ಟಿ, ಜೆರಾಕ್ಸಿಗೆ ಅಂತ ನನ್ನ ಅಂಗಡಿಗೆ ಬಂದಾಗ ಸಂಜೆ ಆರು ಗಂಟೆ. ಕರೆಂಟ್ ಆಗ ತಾನೇ ಬಂದಿತ್ತು. ಹಾಳೆಯನ್ನು ಗಾಜಿನ ಮೇಲೆ ಮಗುಚಿ ಹಾಕುವ ಮುಂಚೆ ಸುಮ್ನೆ ಕಣ್ಣು ಹಾಯಿಸಿದೆ. ನಮ್ಮ ವಾರ್ಡಿನ ಎದುರಿಗೆ ಒಂದೇ ಕೆಲಸ ಇತ್ತು. ಸಿ.ಸಿ. ರಸ್ತೆ. ಯಾವ ರಸ್ತೆ ಅಂತ ನೋಡಿದರೆ ಹೊಲದ ಕಡೆ ಹೋಗುವ ದಾರಿ, ಅಲ್ಲಿರುವುದು ಎರಡು ಮನೆ. ಟ್ಯಾಂಕ್ ಇಲ್ಲ. ಚರಂಡಿ ಇಲ್ಲ. ಇನ್ನೊಂದು ಸಲ ನೋಡಿದೆ. ಹಾಳೆಯ ಹಿಂಭಾಗ ತಿರುಗಿಸಿ ನೋಡಿದೆ. ಇಲ್ಲವೇ ಇಲ್ಲ.

ಮಾರನೇ ದಿನ ಬಾಗಿಲು ತೆಗೆಯುವ ಹೊತ್ತಿಗೇ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ ಕೇಳಿದೆ. ಅವರು ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. ಬೀರುವಿನಿಂದ ಗ್ರಾಮ ಸಭೆ ನಡವಳಿ ಪುಸ್ತಕ ತೆಗೆಸಿ ನನ್ನ ಮುಂದೆಯೇ ಇಟ್ಟರು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಮೂಲೆಗಳು ಸವೆದು ರಟ್ಟು ಕಾಣುತ್ತಿತ್ತು. ಆ ದಿನದ ನಡವಳಿ ಮೂರೂವರೆ ಪುಟ ಇತ್ತು. ನೀಲಿ ಇಂಕು, ಒಂದೂ ಹೊಡೆದು ಹಾಕಿದ ಪದ ಇಲ್ಲ, ಗುಂಡಗೆ ಬರೆದ ಅಕ್ಷರ. ಸಭೆ ನಡೆಯುತ್ತಿರುವಾಗ ಅಷ್ಟು ಅಂದವಾಗಿ ಬರೆಯುವುದಕ್ಕೆ ಯಾರಿಗೂ ಆಗುವುದಿಲ್ಲ. ಆಮೇಲೆ ಆಫೀಸಿನಲ್ಲಿ ಕೂತು ಬರೆದದ್ದು ಅಂತ ಯಾರು ನೋಡಿದರೂ ಹೇಳಬಹುದು. "ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಐದು ಕಡೆ ಇತ್ತು. ಕೆಳಗೆ ಸೂಚಕರು, ಅನುಮೋದಕರು ಅಂತ ಇಬ್ಬಿಬ್ಬರ ಹೆಸರು. ಮಾರಮ್ಮನ ಗುಡಿ ಅನ್ನುವ ಪದ ಎಲ್ಲೂ ಇರಲಿಲ್ಲ.

"ಸರ್, ನಾವು ಹೇಳಿದ್ವಲ್ಲ" ಅಂದೆ.

"ಹೇಳಿರಬೌದಕ್ಕ. ಆದ್ರೆ ಪುಸ್ತಕದಲ್ಲಿ ಇದ್ದಷ್ಟೇ ನಮಗೆ ಸಭೆ" ಅಂದರು.

ಅವರು ಸಿಟ್ಟಿನಲ್ಲಿ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆದರೆ ಆ ಮಾತು ನನ್ನೊಳಗೆ ನಾಟಿಬಿಟ್ಟಿತು. ಶಾಮಿಯಾನದ ಕೆಳಗೆ ನಾವು ಮಾತಾಡಿದ್ದು, ಕೈ ಎತ್ತಿದ್ದು, ಹೂಂ ಅಂದದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನಿಯರು ಎಸ್ಟಿಮೇಟ್ ಮಾಡುವುದು ಪುಸ್ತಕ ನೋಡಿ. ದುಡ್ಡು ಬಿಡುಗಡೆ ಆಗುವುದು ಪುಸ್ತಕ ನೋಡಿ. ಆಡಿಟ್‌ನವರು ಕೇಳುವುದೂ ಆ ಪುಸ್ತಕವನ್ನೇ. ಆ ಪುಸ್ತಕ ಬರೆಯುವಾಗ ನಾವು ಯಾರೂ ಅಲ್ಲಿರುವುದಿಲ್ಲ.

ಯಾರೋ ಬೇಕಂತಲೇ ನಮ್ಮ ಟ್ಯಾಂಕ್ ಕದ್ದರು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನೋಟ್‌ಬುಕ್ಕಿನ ಆ ಹಾಳೆ ಎಲ್ಲೋ ಕಳೆದಿರಬಹುದು. ಬರೆಯುವವರಿಗೆ ನೆನಪಿದ್ದದ್ದು ಜೋರಾಗಿ ಮಾತಾಡಿದವರ ಮಾತು ಇರಬಹುದು. ಹೊಲದ ದಾರಿಯ ಎರಡು ಮನೆಯವರು ಪಂಚಾಯ್ತಿಗೆ ನಾಲ್ಕು ಸಲ ಓಡಾಡಿದ್ದರು, ನಾವು ಒಂದು ಸಲವೂ ಹೋಗಿರಲಿಲ್ಲ. ಕಾರಣ ಏನೇ ಇರಲಿ, ಆ ಬೇಸಿಗೆಯೂ ನಾವು ಬಜಾರ್ ಬೀದಿಯಿಂದ ಕೊಡ ಹೊತ್ತೆವು.

ಆಮೇಲೆ ನಾನು ಕಾನೂನಿನ ಪುಸ್ತಕ ತರಿಸಿಕೊಂಡು ಓದುವುದಕ್ಕೆ ಶುರು ಮಾಡಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993. ಮೊದಮೊದಲು ಕಷ್ಟ ಆಯಿತು, ಒಂದೊಂದು ವಾಕ್ಯ ಅರ್ಧ ಪುಟ ಇರುತ್ತದೆ. ಆದರೆ ಅದರಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಒಂದು ವಿಷಯ ಸಿಕ್ಕಿತು. ಗ್ರಾಮ ಸಭೆಗೆ ನಾವು ಬರುವುದು ಪ್ರೇಕ್ಷಕರಾಗಿ ಅಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರೇ. ಒಟ್ಟು ಮತದಾರರಲ್ಲಿ ಹತ್ತರಲ್ಲಿ ಒಂದು ಭಾಗ, ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಇಲ್ಲದೆ ಸಭೆಗೆ ಕೋರಂ ಇಲ್ಲ. ಆದಷ್ಟು ಮಟ್ಟಿಗೆ ನೂರಕ್ಕೆ ಮೂವತ್ತು ಜನ ಹೆಂಗಸರಿರಬೇಕು ಅಂತಲೂ ಇದೆ.

ನನ್ನ ತಮ್ಮ ದಾವಣಗೆರೆಯಲ್ಲಿದ್ದಾನೆ. ಅಲ್ಲಿ ಮಹಾನಗರ ಪಾಲಿಕೆ, 45 ವಾರ್ಡು. ಕಾರ್ಪೊರೇಟರುಗಳು ಕೂತು ತೀರ್ಮಾನ ಮಾಡುತ್ತಾರೆ. ತೆರಿಗೆ, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಅಂತ ಒಂದೊಂದಕ್ಕೂ ಸ್ಥಾಯಿ ಸಮಿತಿ. ನನ್ನ ತಮ್ಮ ತನ್ನ ಬೀದಿಯ ವಿಷಯ ಹೇಳಬೇಕಾದರೆ ಕಾರ್ಪೊರೇಟರ ಹತ್ತಿರ ಹೋಗುತ್ತಾನೆ. ನಾನು ಹಾಗಲ್ಲ. ವರ್ಷಕ್ಕೆ ಎರಡು ಸಲವಾದರೂ ನನ್ನ ಪಂಚಾಯ್ತಿಯ ಮುಂದೆ ಸದಸ್ಯಳಾಗಿಯೇ ನಿಂತು ಕೇಳಬಹುದು. ಇದನ್ನು ಅವನಿಗೆ ಹೇಳಿದಾಗ "ಅಕ್ಕಾ, ನಿಮ್ಮೂರೇ ವಾಸಿ" ಅಂದ. ನಿಜ. ಆದರೆ ಆ ಹಕ್ಕು ನಮ್ಮ ಬಳಿ ಇರುವುದೂ ಒಂದೇ, ನಾವು ಅದನ್ನು ಹಾಜರಿ ಪುಸ್ತಕದ ಸಹಿಗೆ ಮುಗಿಸಿ ಬರುವುದೂ ಒಂದೇ ಅನ್ನುವ ಹಾಗೆ ಆಗಿತ್ತು.

ಮುಂದಿನ ಗ್ರಾಮ ಸಭೆಗೆ ನಾನು ಮುಂದಿನ ಸಾಲಿನಲ್ಲಿ ಕೂತೆ. ನಮ್ಮ ಬೀದಿಯ ಹದಿನಾಲ್ಕು ಹೆಂಗಸರನ್ನೂ ಕರೆದುಕೊಂಡು ಹೋಗಿದ್ದೆ. ಶೇಂಗಾ ಕೀಳುವ ಕಾಲ. ಕೂಲಿ ಬಿಟ್ಟು ಬಂದಿದ್ದರು. ಟ್ಯಾಂಕ್, ಚರಂಡಿ ಎರಡೂ ಮತ್ತೆ ಹೇಳಿದೆವು. ಈ ಸಲ ಬಿಳಿ ಹಾಳೆಯಲ್ಲಿ ಟೈಪ್ ಮಾಡಿದ ಅರ್ಜಿಯನ್ನೂ ಕೊಟ್ಟು, ಇನ್ನೊಂದು ಪ್ರತಿಯಲ್ಲಿ ಸೀಲು ಹಾಕಿಸಿಕೊಂಡೆ. ಸಭೆ ಮುಗಿಯಿತು ಅನ್ನುವಾಗ ಹಾಜರಿ ಪುಸ್ತಕ ಬಂತು. ಪೆನ್ನು ಕೈಯಲ್ಲಿ ಹಿಡಿದು ಎದ್ದು ನಿಂತೆ.

"ಸರ್, ನಡವಳಿ ಪುಸ್ತಕ ಒಂದ್ಸಲ ಓದ್ರಿ. ಕೇಳಿ ಆಮೇಲೆ ಸಹಿ ಹಾಕ್ತೀವಿ."

ಶಾಮಿಯಾನದ ಕೆಳಗೆ ಎಲ್ಲರೂ ಸುಮ್ಮನಾದರು. ಕಾರ್ಯದರ್ಶಿಗಳು ಪಿಡಿಒ ಮುಖ ನೋಡಿದರು. "ಇನ್ನೂ ಬರದಿಲ್ಲಮ್ಮ, ಆಮೇಲೆ ಬರೀತೀವಿ" ಅಂದರು. ಯಾರೋ ಹಿಂದಿನಿಂದ "ಟೈಮ್ ಆಯ್ತು ಕುಂದ್ರವ್ವಾ" ಅಂದರು. ನನ್ನ ಕೈ ಸ್ವಲ್ಪ ನಡುಗುತ್ತಿತ್ತು. ಆಗ ಕಂಬಳಿ ಹೊದ್ದುಕೊಂಡು ಕಂಬಕ್ಕೆ ಒರಗಿ ಕೂತಿದ್ದ ಅಜ್ಜ ಒಬ್ಬರು ಎದ್ದರು. ಅವರು 1987ರ ಮಂಡಲ ಪಂಚಾಯ್ತಿಯಲ್ಲಿ ಮೆಂಬರಾಗಿದ್ದವರು. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲ ಅದು. ಊರೂರಿಗೆ ಬೋರಿಂಗು ಹಾಕಿಸಿ ನೀರ್ ಸಾಬ್ ಅಂತ ಹೆಸರಾದವರು ಅವರು. ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತು ಬಂದದ್ದು ಅವರು ತಂದ 1983ರ ಕಾನೂನಿನಿಂದ. ನೂರಕ್ಕೆ ಇಪ್ಪತ್ತೈದು ಸೀಟು ಹೆಂಗಸರಿಗೆ ಅಂತ ಇಟ್ಟದ್ದೂ ಅದರಲ್ಲೇ. ಅಜ್ಜ ಅದನ್ನೆಲ್ಲ ಹೇಳಲಿಲ್ಲ. "ಆ ಹುಡುಗಿ ಕೇಳಿದ್ದು ಸರಿ ಐತೆ. ನಮ್ಮ ಕಾಲದಾಗೆ ಓದಿ ಹೇಳದಂಗೆ ಬುಕ್ಕು ಮುಚ್ಚುತಿರ್ಲಿಲ್ಲ. ಇಲ್ಲೇ ಬರೀರಿ, ಇಲ್ಲೇ ಓದ್ರಿ. ನಾವು ಕುಂತಿರ್ತೀವಿ" ಅಂದರು. ಅಂದು ಕೂತುಬಿಟ್ಟರು.

ಅವರು ಕೂತ ಮೇಲೆ ಬೇರೆಯವರಿಗೆ ಏಳಲು ಮನಸ್ಸು ಬರಲಿಲ್ಲ. ಒಂದು ಟೇಬಲ್ ತಂದರು. ಕಾರ್ಯದರ್ಶಿಗಳು ಅಲ್ಲೇ ಕೂತು ಬರೆದರು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಒಂದು ಸುತ್ತು ಟೀ ಬಂತು. ಬರೆದದ್ದನ್ನು ಮೈಕಿನಲ್ಲಿ ಓದಿದಾಗ ಮೂರು ವಿಷಯ ಬಿಟ್ಟುಹೋಗಿದ್ದವು. ಗೊಲ್ಲರಹಟ್ಟಿಯ ಬೀದಿ ದೀಪ, ಶಾಲೆಯ ಹೆಣ್ಣು ಮಕ್ಕಳ ಶೌಚಾಲಯದ ಬಾಗಿಲು, ನಮ್ಮ ಚರಂಡಿ. ಟ್ಯಾಂಕ್ ಬರೆದಿದ್ದರು. ಮೂರನ್ನೂ ಅಲ್ಲೇ ಸೇರಿಸಿದರು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಅಧ್ಯಕ್ಷರು ಸಹಿ ಹಾಕಿದರು. ಆ ಪುಟದ ಅಕ್ಷರ ಅಂದವಾಗಿಲ್ಲ. ಎರಡು ಕಡೆ ಹೊಡೆದು ಹಾಕಿದ್ದಾರೆ, ಒಂದು ಕಡೆ ಟೀ ಕಲೆ ಇದೆ. ಆದರೆ ಅದು ಅಲ್ಲಿ ಕೂತಿದ್ದ ಎಲ್ಲರ ಪುಟ.

ಗ್ರಾಮ ಸಭೆಯಲ್ಲಿ ಬರೆದ ಮೇಲೂ ಕೆಲಸ ಆಗಿಬಿಡುವುದಿಲ್ಲ. ಅದು ಪಂಚಾಯ್ತಿಯ ಸಾಮಾನ್ಯ ಸಭೆಗೆ ಹೋಗಬೇಕು. ಯಾವ ದುಡ್ಡಿನಲ್ಲಿ ಯಾವುದನ್ನು ಮಾಡಬೇಕು ಅಂತ ಅಲ್ಲಿ ಗಂಟು ಹಾಕುತ್ತಾರೆ. ಕೇಂದ್ರದಿಂದ ಪಂಚಾಯ್ತಿಗೆ ಬರುವ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ 2021ರಿಂದ ನೂರಕ್ಕೆ ಅರವತ್ತು ಭಾಗವನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿ ಇಟ್ಟಿದ್ದರು, ಉಳಿದ ನಲವತ್ತು ಊರಿನ ಬೇರೆ ಅಗತ್ಯಕ್ಕೆ. ಇದು ಗೊತ್ತಿದ್ದರೆ ಕೇಳುವುದು ಸುಲಭ. ಟ್ಯಾಂಕಿಗೆ ದುಡ್ಡಿಲ್ಲ ಅಂದರೆ, ಆ ಅರವತ್ತರಲ್ಲಿ ಏನೇನು ಹಾಕಿದ್ದೀರಿ ತೋರಿಸಿ ಅಂತ ಕೇಳಬಹುದು. ಹಾಗೇ ಕೇಳಿದೆವು.

ಸಾಮಾನ್ಯ ಸಭೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಗದದ ಮೇಲೆ ಅದು ತುಂಬಾ ಸೊಗಸು. ಮೊದಲೇ ನೋಟಿಸು ಕೊಡಬೇಕು, ಕೋರಂ ಇರಬೇಕು, ಬಹುಮತದಿಂದ ತೀರ್ಮಾನ ಆಗಬೇಕು, ಸಮ ಸಮ ಬಂದರೆ ಅಧ್ಯಕ್ಷರಿಗೆ ಇನ್ನೊಂದು ವೋಟು. ಆದರೆ ನಮ್ಮ ಕಡೆ ಕೈ ಎತ್ತಿಸುವುದು ಅಪರೂಪ. ಸಭೆಗೆ ಮುಂಚೆ ನನ್ನ ಅಂಗಡಿ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಅರ್ಧ ತೀರ್ಮಾನ ಆಗಿರುತ್ತದೆ. ಅದನ್ನೂ ನಾನು ತಪ್ಪು ಅನ್ನುವುದಿಲ್ಲ, ಮಾತಾಡಿಕೊಂಡರೆ ಜಗಳ ಕಮ್ಮಿ. ನನಗೆ ನಿಜವಾಗಿ ನೋವಾಗುವುದು ಬೇರೆ. ಮೆಂಬರುಗಳಲ್ಲಿ ಅರ್ಧ ಜನ ಹೆಂಗಸರು. 2010ರಿಂದ ಅರ್ಧ ಸೀಟು ಹೆಂಗಸರಿಗೇ ಇದೆ. ಆದರೆ ಹೋಟೆಲಿನ ಆ ಬೆಂಚಿನ ಮೇಲೆ ಕೂತವರು ಅವರ ಯಜಮಾನರು. ಎಷ್ಟೋ ಸಲ ನೋಟಿಸಿಗೆ ಸಹಿ ಹಾಕಿ ತೆಗೆದುಕೊಂಡವರೂ ಅವರೇ. ಗೆದ್ದವಳ ಹೆಸರು ಬೋರ್ಡಿನಲ್ಲಿ, ಮಾತು ಗಂಡನದು.

ನಮ್ಮ ಪಕ್ಕದ ಕಾಲೋನಿಯಿಂದ ಗೆದ್ದು ಬಂದ ಹೆಣ್ಣು ಮಗಳು ಒಬ್ಬಳು ಇದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾಳೆ. ಮೊದಲ ವರ್ಷ ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ. ಒಂದು ಸಲ ನಡವಳಿಯಲ್ಲಿ ಮೋಟಾರು ರಿಪೇರಿ ಖರ್ಚಿನ ಜಾಗ ಖಾಲಿ ಬಿಟ್ಟು ಸಹಿಗೆ ಕೊಟ್ಟಿದ್ದರಂತೆ. "ಇಲ್ಲಿ ರೂಪಾಯಿ ಬರೀರಿ, ಆಮೇಲೆ ಸಹಿ ಹಾಕ್ತೀನಿ" ಅಂದಳಂತೆ. ಬಿಲ್ಲು ಇನ್ನೂ ಬಂದಿಲ್ಲ ಅಂದರು. "ಹಂಗಾರೆ ಬಂದ್ಮೇಲೆ ಮುಂದಿನ ಸಭೆಗೆ ಇಡ್ರಿ. ಇಲ್ಲಾ ನನ್ನ ಆಕ್ಷೇಪಣೆ ಐತೆ ಅಂತ ಬರೀರಿ." ಅದನ್ನು ಬರೆದರು. ಅವಳೇ ಸಂಜೆ ನನ್ನ ಅಂಗಡಿಗೆ ಬಂದು ಇದನ್ನು ಹೇಳಿದಾಗ ಅವಳ ಕಣ್ಣಲ್ಲಿದ್ದ ಹೊಳಪು ನೋಡಬೇಕಿತ್ತು ನೀವು. ಬಿಲ್ಲು ಮುಂದಿನ ಸಭೆಗೆ ಬಂತು, ರೂಪಾಯಿ ಸಮೇತ. ಆಮೇಲೆ ಖಾಲಿ ಜಾಗ ಬಿಟ್ಟು ಯಾರೂ ಅವಳ ಮುಂದೆ ಪುಸ್ತಕ ಇಟ್ಟಿಲ್ಲ.

ಆ ವರ್ಷ ಕ್ರಿಯಾ ಯೋಜನೆಯಲ್ಲಿ ನಮ್ಮ ಚರಂಡಿ ಬಂತು. ಟ್ಯಾಂಕ್ ಮುಂದಿನ ವರ್ಷಕ್ಕೆ ಅಂದರು. ಬೇಜಾರಾಯಿತು, ಆದರೆ ಯಾಕೆ ಅಂತ ಸಭೆಯಲ್ಲೇ ಹೇಳಿದರು, ಅದನ್ನು ಬರೆದೂ ಇಟ್ಟರು. ಹಟ್ಟಿಯಲ್ಲಿ ಬೋರು ಬತ್ತಿತ್ತು, ನೀರಿನ ದುಡ್ಡು ಮೊದಲು ಅಲ್ಲಿಗೆ ಹೋಗಬೇಕಿತ್ತು. ಅದನ್ನು ಕೇಳಿದ ಮೇಲೆ ನಮ್ಮ ಬೀದಿಯವರು ಯಾರೂ ತಕರಾರು ತೆಗೆಯಲಿಲ್ಲ. ಹಟ್ಟಿಯವರ ಕಷ್ಟ ನಮ್ಮದಕ್ಕಿಂತ ದೊಡ್ಡದು.

ಚರಂಡಿ ಕೆಲಸ ಬೇಸಿಗೆ ಹೊತ್ತಿಗೆ ಮುಗಿಯಿತು. ಇಲ್ಲಿಗೆ ನನ್ನ ಕಥೆ ಮುಗಿಯಬಹುದಿತ್ತು. ಆದರೆ ಆಗಸ್ಟ್ ಬಂತು, ಜಮಾಬಂದಿ ಬಂತು.

ಗ್ರಾಮ ಪಂಚಾಯ್ತಿ ಜಮಾಬಂದಿ ಅಂದರೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯಬೇಕು. ಹಿಂದಿನ ಆರ್ಥಿಕ ವರ್ಷದಲ್ಲಿ ಪಂಚಾಯ್ತಿಗೆ ಬಂದದ್ದು ಎಷ್ಟು, ಹೋದದ್ದು ಎಷ್ಟು, ಮಾಡಿದ ಕೆಲಸ ಎಲ್ಲಿದೆ, ಎಲ್ಲವನ್ನೂ ಜನರ ಮುಂದೆ ಬಿಚ್ಚಿ ಇಡುವ ದಿನ ಅದು. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬರುತ್ತಾರೆ. ಇದಲ್ಲದೆ ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯವರ ಆಡಿಟ್ ಬೇರೆ ಇದೆ. ನರೇಗಾ ಕೆಲಸಗಳಿಗೆ ಅಂತ ಸಾಮಾಜಿಕ ಪರಿಶೋಧನೆಯವರು ಮನೆ ಮನೆಗೆ ಬಂದು ಎಷ್ಟು ದಿನ ಕೂಲಿ ಮಾಡಿದಿರಿ, ಎಷ್ಟು ಬಂತು ಅಂತ ಕೇಳಿಕೊಂಡು ಹೋದದ್ದೂ ಉಂಟು. ಆಡಿಟ್‌ನವರು ಓಚರ್ ನೋಡುತ್ತಾರೆ, ಅದು ಅವರ ಕೆಲಸ. ಆದರೆ ಚರಂಡಿ ಇದೆಯೋ ಇಲ್ಲವೋ ಅಂತ ಚರಂಡಿ ಪಕ್ಕದಲ್ಲಿ ಇರುವವರಿಗೆ ತಾನೇ ಗೊತ್ತು? ಅದಕ್ಕೇ ಜಮಾಬಂದಿ ಅಂದರೆ ನನಗೆ ಜಾಸ್ತಿ ಗೌರವ.

ಅವತ್ತು ಪಂಚಾಯ್ತಿಯಲ್ಲಿ ನಾವು ಮೂವತ್ತು ಜನ ಇದ್ದೆವು. ಅಧಿಕಾರಿಗಳು ಪುಸ್ತಕ ಎಲ್ಲ ನೋಡಿ, "ಯಾವ ಕೆಲಸ ಹೋಗಿ ನೋಡೋಣ?" ಅಂತ ಕೇಳಿದರು. "ಮಾರಮ್ಮನ ಗುಡಿ ಚರಂಡಿ" ಅಂದೆವು. ಎಲ್ಲರೂ ನಡೆದುಕೊಂಡೇ ಹೋದೆವು. ಎಂಜಿನಿಯರ ಕೈಯಲ್ಲಿ ಅಳತೆ ಪುಸ್ತಕ, ಎಂ.ಬಿ. ಅಂತಾರಲ್ಲ, ಅದು. ಅದರಲ್ಲಿ 60 ಮೀಟರ್ ಅಂತ ಇತ್ತು.

ಟೇಪಿನ ಒಂದು ತುದಿಯನ್ನು ನೀರುಗಂಟಿ ಹಿಡಿದುಕೊಂಡು ಚರಂಡಿ ಶುರುವಾಗುವ ಕಡೆ ಕೂತ. ಇನ್ನೊಂದು ತುದಿ ನನ್ನ ಕೈಗೆ ಬಂತು. ಹಳದಿ ಬಟ್ಟೆ ಟೇಪು, 30 ಮೀಟರಿನದು. ಒಂದು ಸಲ ಪೂರ್ತಿ ಎಳೆದು, ಅಲ್ಲಿ ಇಟ್ಟಿಗೆ ಚೂರಿನಿಂದ ಗೆರೆ ಹಾಕಿದೆವು. ಅಲ್ಲಿಂದ ಮತ್ತೆ ಎಳೆದೆವು. ಚರಂಡಿ ಮುಗಿದ ಕಡೆ ಟೇಪ್ ನೋಡಿದರೆ 24. ಒಟ್ಟು 54. ಆರು ಮೀಟರ್ ಕಮ್ಮಿ.

ಜನ ಗುಸುಗುಸು ಶುರು ಮಾಡಿದರು. ಕಂಟ್ರಾಕ್ಟರ್ ಅಲ್ಲೇ ಇದ್ದರು. "ಸರ್, ಆ ಕೊನೆಗೆ ಮಣ್ಣು ಬಿದ್ದು ಮುಚ್ಚಿಕೊಂಡೈತೆ, ಅಗೆದು ನೋಡ್ರಿ" ಅಂದರು. ಸುಳ್ಳು ಹೇಳುತ್ತಿದ್ದಾರೆ ಅಂತಲೇ ನಾನು ಅಂದುಕೊಂಡೆ. ಒಬ್ಬ ಹುಡುಗ ಸನಿಕೆ ತಂದ. ಜುಲೈ ಮಳೆಗೆ ಕೊಚ್ಚಿಕೊಂಡು ಬಂದ ಮಣ್ಣು ತೆಗೆದರೆ ಕೆಳಗೆ ಕಾಂಕ್ರೀಟ್ ಸಿಕ್ಕಿತು. ಒಂದು ಮೀಟರ್, ಎರಡು, ಮೂರು. ಅಲ್ಲಿಗೆ ನಿಂತಿತು. ಅದರ ಆಚೆ ಗಟ್ಟಿ ನೆಲ. ಮತ್ತೆ ಅಳೆದರು. 57.

ಆ ಕ್ಷಣ ನನಗೆ ಎರಡೂ ಅನ್ನಿಸಿತು. ಆ ಮನುಷ್ಯನ ಮಾತಿನಲ್ಲಿ ಅರ್ಧ ನಿಜ ಇತ್ತು, ಅಗೆಯದೇ ನಾವು ಬೈದು ಬಂದಿದ್ದರೆ ಅನ್ಯಾಯ ಆಗುತ್ತಿತ್ತು. ಇನ್ನು ಮೂರು ಮೀಟರ್ ಮಾತ್ರ ನಿಜವಾಗಿ ಇರಲಿಲ್ಲ, ಅಳೆಯದೇ ಬಂದಿದ್ದರೆ ಅದೂ ಅನ್ಯಾಯವೇ. ಅಧಿಕಾರಿಗಳು ಅಲ್ಲೇ ನಿಂತು ಬರೆದುಕೊಂಡರು. ತಿಂಗಳೊಳಗೆ ಉಳಿದದ್ದು ಮಾಡಿ ಮುಗಿಸಬೇಕು, ಇಲ್ಲದಿದ್ದರೆ ದುಡ್ಡು ವಾಪಸ್ ಕಟ್ಟಬೇಕು ಅಂತ ವರದಿಯಲ್ಲಿ ಹಾಕಿದರು. ಆ ವರದಿ ನೋಟಿಸ್ ಬೋರ್ಡಿಗೆ ಬಂತು. ಇಪ್ಪತ್ತು ದಿನಕ್ಕೆ ಮೂರು ಮೀಟರೂ ಆಯಿತು. ಮೂರು ಮೀಟರ್ ಅಂದರೆ ಏನು ಮಹಾ ಅನ್ನಬೇಡಿ. ಅದು ಸರಿಯಾಗಿ ಗುಡಿಯ ಬಾಗಿಲ ಮುಂದಿನ ಮೂರು ಮೀಟರ್.

ಇದನ್ನು ಓದುವ ಬೇರೆ ಊರಿನವರು ಯಾರಾದರೂ ಇದ್ದರೆ, ನಿಮ್ಮ ಪಂಚಾಯ್ತಿಯಲ್ಲಿ ಪುಸ್ತಕ ತೋರಿಸದಿದ್ದರೆ ಹೀಗೆ ಮಾಡಿ. ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು. ಪುಟಕ್ಕೆ 2 ರೂಪಾಯಿ ಹಾಗೆ ನಕಲು ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ. "ಎಲ್ಲಾ ದಾಖಲೆ ಕೊಡಿ" ಅಂತ ಬರೆಯಬೇಡಿ. ಯಾವ ದಿನಾಂಕದ ಗ್ರಾಮ ಸಭೆಯ ನಡವಳಿ, ಯಾವ ವರ್ಷದ ಕ್ರಿಯಾ ಯೋಜನೆ, ಯಾವ ಕೆಲಸದ ಅಳತೆ ಪುಸ್ತಕ, ಇಷ್ಟು ಬರೆದರೆ ಸಾಕು. ನಮ್ಮ ಸುತ್ತಲಿನ ಮೂರು ನಾಲ್ಕು ಊರಿನವರು ಈಗ ನನ್ನ ಅಂಗಡಿಗೆ ಬಂದು ಇದನ್ನು ಬರೆಸಿಕೊಂಡು ಹೋಗುತ್ತಾರೆ. ಅದಕ್ಕೆ ನಾನು ಟೈಪಿಂಗ್ ಚಾರ್ಜ್ ತೆಗೆದುಕೊಳ್ಳುವುದಿಲ್ಲ.

ಮೊದಮೊದಲು ಪಂಚಾಯ್ತಿಯವರಿಗೆ ನನ್ನ ಮೇಲೆ ಬೇಜಾರಿತ್ತು. ಎದುರಿಗೇ ಅಂಗಡಿ ಇಟ್ಟುಕೊಂಡು ಎದುರು ಮಾತಾಡುತ್ತಾಳೆ ಅಂತ. ಎರಡು ತಿಂಗಳು ಜೆರಾಕ್ಸಿಗೆ ಬೇರೆ ಕಡೆ ಹೋದರು. ಆಮೇಲೆ ಮತ್ತೆ ಬಂದರು. ಈಗ ಕಾರ್ಯದರ್ಶಿಗಳೇ ಒಂದು ಮಾತು ಹೇಳುತ್ತಾರೆ. ಓದಿ ಸಹಿ ಹಾಕಿಸಿಕೊಂಡ ಸಭೆಯ ಮೇಲೆ ಮೇಲಿನವರಿಗೆ ದೂರು ಹೋಗುವುದಿಲ್ಲವಂತೆ, ಅವರಿಗೂ ನೆಮ್ಮದಿಯಂತೆ. ಹೌದು ಅನ್ನಿಸುತ್ತದೆ. ಬರೆಯುವವರ ಮೇಲೂ ನಾವು ಎಷ್ಟು ಭಾರ ಹಾಕುತ್ತೇವೆ ಅಂತ ಅವತ್ತು ಟೇಬಲ್ ಪಕ್ಕ ನಿಂತಾಗಲೇ ನನಗೆ ಅರ್ಥವಾದದ್ದು. ನೂರು ಜನ ಒಟ್ಟಿಗೆ ಮಾತಾಡುವಾಗ ಒಬ್ಬರೇ ಎಷ್ಟು ಅಂತ ಬರೆಯುತ್ತಾರೆ?

ಕಂಬಳಿ ಅಜ್ಜ ಹೋದ ವರ್ಷ ತೀರಿಕೊಂಡರು. ಅದರ ಮುಂಚಿನ ಗ್ರಾಮ ಸಭೆಗೂ ಬಂದಿದ್ದರು, ಓದುವವರೆಗೂ ಕೂತಿದ್ದರು.

ನಿನ್ನೆ ಬಿಲ್ ಕಲೆಕ್ಟರ್ ಹುಡುಗ ಮತ್ತೆ ಹಾಳೆ ತಂದಿದ್ದ. ಗಾಜಿನ ಮೇಲೆ ಇಡುವ ಮುಂಚೆ ಓದಿದೆ. ಮೊದಲನೇದು, ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಐದನೇದು, ಮಾರಮ್ಮನ ಗುಡಿ ಹತ್ತಿರ ಕುಡಿಯುವ ನೀರಿನ ಮಿನಿ ಟ್ಯಾಂಕ್, ಅಂದಾಜು ಪಟ್ಟಿ ಮಂಡನೆ. ಹದಿನೆಂಟು ಕಾಪಿ ತೆಗೆದು ಕೊಟ್ಟೆ. ಇನ್ನೊಂದು ತೆಗೆದು ಅಂಗಡಿ ಬಾಗಿಲಿಗೆ ಅಂಟಿಸಿದೆ. ಕೊಡ ಹಿಡಿದು ಬಜಾರ್ ಕಡೆ ಹೊರಟಿದ್ದ ನಮ್ಮ ಬೀದಿಯ ಅಜ್ಜಿ ನಿಂತು ಕೇಳಿತು. "ಏನು ಬರದೈತೆ ಅದ್ರಾಗೆ? ಓದವ್ವಾ."